ಸಂತೋಷದ ಕಿರ್ದಿ ಪುಸ್ತಕ

ಸುಖವನ್ನು ಬಯಸದ ಮನುಷ್ಯನಿಲ್ಲ. ಆದರೆ ತನಗೆ ಸುಖವನ್ನು ಕೊಡುವ ಸಂಗತಿ ಯಾವುದು ಎಂದು ಯಾರಾದರೂ ನೇರವಾಗಿ ಕೇಳಿದರೆ ನಮ್ಮಲ್ಲಿ ಬಹುಮಂದಿ ತಟ್ಟನೆ ಉತ್ತರ ಕೊಡಲಾರೆವು. ಕೊಟ್ಟರೂ ಆ ಉತ್ತರ ಅನೇಕ ವೇಳೆ ನಮ್ಮದಾಗಿರುವುದಿಲ್ಲ. ನೆರೆಯವರಿಂದಲೋ ಜಾಹೀರಾತುಗಳಿಂದಲೋ ಎರವಲು ಪಡೆದುದಾಗಿರುತ್ತದೆ. ಸ್ವಂತ ಮನೆ, ಮಕ್ಕಳ ವಿದ್ಯಾಭ್ಯಾಸ, ಉದ್ಯೋಗದಲ್ಲಿ ಬಡ್ತಿ, ನಿವೃತ್ತಿಯ ನಂತರ ಊರಿನಲ್ಲಿ ಒಂದು ಸಣ್ಣ ತೋಟ, ಇವೆಲ್ಲ ಬೇಕಾದುವೇ. ಆದರೆ ಇವು ವರ್ಷಕ್ಕೊಮ್ಮೆಯೋ ಜೀವಮಾನಕ್ಕೊಮ್ಮೆಯೋ ಬರತಕ್ಕವು. ಇವುಗಳ ನಡುವೆ ಕಳೆದುಹೋಗುವ ಸಾವಿರಾರು ಸಾಮಾನ್ಯ ದಿನಗಳ ಗತಿಯೇನು? ಪ್ರಕೃತ ಲೇಖನದ ವಿಷಯ ಆ ಸಾಮಾನ್ಯ ದಿನಗಳೇ ಆಗಿವೆ.

ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಗಳ ಜೀವನವನ್ನು ಬಲ್ಲವರಿಗೆ ಈ ಪ್ರಶ್ನೆಯ ಗಾಂಭೀರ್ಯವನ್ನು ವಿವರಿಸಿ ಹೇಳಬೇಕಾಗಿಲ್ಲ. 1853ರ ಏಪ್ರಿಲ್ 16ರಂದು ಬೋರಿ ಬಂದರಿನಿಂದ ಠಾಣೆಗೆ ಭಾರತದ ಮೊದಲನೆಯ ಪ್ರಯಾಣಿಕರ ರೈಲು ಓಡಿತು. ಮರುವರ್ಷ ಅದು ಕಲ್ಯಾಣವನ್ನು ಮುಟ್ಟಿತು. ಅಂದು ಜನರು ಬೆರಗಿನಿಂದ ನೋಡಿದ ಆ ಪ್ರಯಾಣವು ಇಂದು ನಮ್ಮ ಆಯುಷ್ಯದ ಒಂದು ದೊಡ್ಡ ಪಾಲನ್ನು ತೆಗೆದುಕೊಳ್ಳುತ್ತಿದೆ. ಕಲ್ಯಾಣದಿಂದ ಛತ್ರಪತಿ ಶಿವಾಜಿ ಮಹಾರಾಜ ಟರ್ಮಿನಸ್ಸಿಗೆ ಸುಮಾರು 54 ಕಿಲೋಮೀಟರು. ಮನೆಯಿಂದ ಹೊರಟು ಮರಳಿ ಬರುವವರೆಗೆ ದಾರಿಯಲ್ಲಿ ದಿನಕ್ಕೆ 3 ಗಂಟೆ ಕಳೆಯುವುದೆಂದು ಹಿಡಿಯೋಣ. ವರ್ಷಕ್ಕೆ 280 ಕೆಲಸದ ದಿನಗಳಂತೆ 840 ಗಂಟೆಗಳಾದುವು. ಅಂದರೆ ಹಗಲು ರಾತ್ರಿ ಸೇರಿ 35 ಪೂರ್ಣ ದಿನಗಳು. 30 ವರ್ಷಗಳ ನೌಕರಿಯಲ್ಲಿ ಇದು ಮೂರು ವರ್ಷಗಳಿಗೆ ಸಮೀಪವಾಗುತ್ತದೆ. ಇಷ್ಟು ಕಾಲವನ್ನು ಜೀವನದ ಲೆಕ್ಕದಿಂದಲೇ ಕಳೆದುಬಿಡುವುದೇ, ಇಲ್ಲವೆ ಅದರಲ್ಲಿಯೂ ಏನನ್ನಾದರೂ ಕಂಡುಕೊಳ್ಳುವುದೇ ಎಂಬುದು ನಮ್ಮ ಮುಂದಿರುವ ಪ್ರಶ್ನೆ.

ನಾನು ವಾಣಿಜ್ಯಶಾಸ್ತ್ರದ ವಿದ್ಯಾರ್ಥಿ; ಬ್ಯಾಂಕಿನ ನೌಕರ. ಆದುದರಿಂದ ಈ ಪ್ರಶ್ನೆಗೆ ನನಗೆ ತಿಳಿದ ಲೆಕ್ಕಪತ್ರದ ಭಾಷೆಯಲ್ಲಿಯೇ ಉತ್ತರವನ್ನು ಹುಡುಕುತ್ತೇನೆ. ಹಳೆಯ ಕಾಲದ ವ್ಯಾಪಾರಿಯು ಎರಡು ಪುಸ್ತಕಗಳನ್ನು ಇಡುತ್ತಿದ್ದನು. ಒಂದು ಕಿರ್ದಿ, ಇನ್ನೊಂದು ಖಾತೆ. ಆಯಾ ದಿನ ನಡೆದ ವ್ಯವಹಾರವನ್ನು ನಡೆದ ಕ್ರಮದಲ್ಲಿಯೇ ಕಿರ್ದಿಯಲ್ಲಿ ಬರೆಯುವುದು. ಬಳಿಕ ಅದನ್ನು ತಲೆಬರಹಗಳ ಪ್ರಕಾರ ಖಾತೆಗೆ ಏರಿಸುವುದು. ಆಮೇಲೆ ಬಾಕಿ ತೆಗೆಯುವುದು. ಅಂಗಡಿಯಲ್ಲಿ ಗಿರಾಕಿಗಳ ಗದ್ದಲವಿದ್ದ ಮಾತ್ರಕ್ಕೆ ಲಾಭವಾಯಿತೆಂದು ಜಾಣ ವ್ಯಾಪಾರಿ ನಂಬುವುದಿಲ್ಲ. ಬರೆದು ನೋಡಿದ ಹೊರತು ಲಾಭವೆಲ್ಲಿ, ನಷ್ಟವೆಲ್ಲಿ ಎಂಬುದು ತಿಳಿಯದು. ಹಣದ ವಿಷಯದಲ್ಲಿ ಇಷ್ಟು ಎಚ್ಚರದಿಂದಿರುವ ನಾವು ಸಂತೋಷದ ವಿಷಯದಲ್ಲಿ ಮಾತ್ರ ಕಿರ್ದಿಯನ್ನೇ ಬರೆಯದೆ ಬಾಕಿಯನ್ನು ಊಹಿಸುತ್ತೇವೆ. ಸಂತೋಷವನ್ನೂ ಬರೆದು ನೋಡಬೇಕು. ಬರೆದಾಗ ನಾವು ಊಹಿಸಿದ್ದಕ್ಕಿಂತ ಬೇರೆಯಾದುದು ಕಾಣುತ್ತದೆ ಎಂಬುದೇ ಇಲ್ಲಿ ಹೇಳಬೇಕಾದ ಮಾತು.

ಒಬ್ಬ ತರುಣಿಯ ಪ್ರಯೋಗ

ಈ ಪ್ರಯೋಗವನ್ನು ವ್ಯವಸ್ಥಿತವಾಗಿ ಮಾಡಿ ನೋಡಿದವರಲ್ಲಿ ಇಂಗ್ಲೆಂಡಿನ ಮೇರಿಯನ್ ಮಿಲ್ನರ್ ಮುಖ್ಯರು. 1900ರಲ್ಲಿ ಹುಟ್ಟಿದ ಈಕೆ ಲಂಡನ್ನಿನಲ್ಲಿ ಮನಶ್ಶಾಸ್ತ್ರವನ್ನು ಓದಿ ಉದ್ಯೋಗದಲ್ಲಿದ್ದವರು. ವಿದ್ಯೆ, ಸಂಬಳ, ಗೆಳೆಯರು ಎಲ್ಲವೂ ಇದ್ದರೂ ತಾನು ಬದುಕುತ್ತಿರುವುದು ಇತರರ ಮಾದರಿಯ ಬದುಕನ್ನೇ ಎಂಬ ಶಂಕೆ ಅವರಿಗೆ ಉಂಟಾಯಿತು. 1926ರಲ್ಲಿ ಅವರು ಒಂದು ದಿನಚರಿಯನ್ನು ಆರಂಭಿಸಿದರು. ಪ್ರತಿದಿನವೂ ತನಗೆ ನಿಜವಾಗಿ ಸಂತೋಷ ಕೊಟ್ಟುದೇನು, ತಾನು ಬಯಸಿದ್ದೇನು ಎಂಬುದನ್ನು ಅದರಲ್ಲಿ ಬರೆದಿಡುವುದು ಅವರ ಸಂಕಲ್ಪವಾಗಿತ್ತು. ಏಳು ವರ್ಷಗಳ ಈ ಶೋಧನೆಯನ್ನು 1934ರಲ್ಲಿ ‘ಎ ಲೈಫ್ ಆಫ್ ಒನ್ಸ್ ಓನ್’ ಎಂಬ ಗ್ರಂಥವಾಗಿ, ಜೋಆನಾ ಫೀಲ್ಡ್ ಎಂಬ ಗುಪ್ತನಾಮದಿಂದ ಪ್ರಕಟಿಸಿದರು.

ಅವರು ಕಂಡುಕೊಂಡ ಸಂಗತಿಗಳಲ್ಲಿ ಎರಡು ನಮಗೆ ಬಹಳ ಉಪಯುಕ್ತವಾಗಿವೆ. ಮೊದಲನೆಯದು: ತಾನು ಬಯಸುತ್ತೇನೆಂದು ನಂಬಿದ್ದ ಗುರಿಗಳಿಗೂ ದಿನಚರಿಯಲ್ಲಿ ದಾಖಲಾದ ಆನಂದದ ಕ್ಷಣಗಳಿಗೂ ಹೆಚ್ಚಿನ ಸಂಬಂಧವಿರಲಿಲ್ಲ. ಆನಂದವು ಬಂದುದು ಬಹುಮಟ್ಟಿಗೆ ಸಣ್ಣಪುಟ್ಟ ಸಂದರ್ಭಗಳಲ್ಲಿ, ಅದನ್ನು ಬೆನ್ನಟ್ಟದೆ ಇದ್ದಾಗ. ಎರಡನೆಯದು: ಆನಂದವು ಎದುರಿನ ವಸ್ತುವಿಗಿಂತ ಹೆಚ್ಚಾಗಿ ನಮ್ಮ ಗಮನದ ರೀತಿಯನ್ನು ಅವಲಂಬಿಸಿದೆ. ಗಮನಕ್ಕೆ ಎರಡು ರೀತಿಗಳುಂಟು. ತನ್ನ ಕೆಲಸಕ್ಕೆ ಬೇಕಾದುದನ್ನಷ್ಟೇ ಆರಿಸಿ ಉಳಿದುದನ್ನು ಬಿಟ್ಟುಬಿಡುವ ಕಿರಿದಾದ ಗಮನ ಒಂದು. ಯಾವುದನ್ನೂ ಹಿಡಿಯಲು ಹೋಗದೆ ಸುತ್ತಲಿನದನ್ನೆಲ್ಲ ಒಳಗೆ ಬಿಟ್ಟುಕೊಳ್ಳುವ ವಿಶಾಲವಾದ ಗಮನ ಇನ್ನೊಂದು. ಸಂಗೀತ ಕಛೇರಿಯಲ್ಲಿ ಕುಳಿತಿದ್ದಾಗ ತನ್ನ ಚಿಂತೆಗಳ ಸದ್ದಿನಲ್ಲಿ ಸಂಗೀತವೇ ಕೇಳಿಸದೆ ಹೋಗುವುದನ್ನೂ, ಗಮನವನ್ನು ಸಡಿಲಗೊಳಿಸಿದೊಡನೆ ಅದೇ ಸಂಗೀತ ಮನಸ್ಸನ್ನು ತುಂಬುವುದನ್ನೂ ಅವರು ಪರೀಕ್ಷಿಸಿ ನೋಡಿದರು. ಮುಂದೆ ಅವರು ಮನೋವಿಶ್ಲೇಷಕಿಯಾಗಿ ಹೆಸರಾಗಿ, 1998ರವರೆಗೆ ಬಾಳಿದರು.

ನಿನ್ನೆಯ ದಿನವನ್ನು ಮತ್ತೆ ಕಟ್ಟುವುದು

ಇದು ಒಬ್ಬರ ಅನುಭವವಾಯಿತು. ಇದನ್ನೇ ಹಲವು ಮಂದಿಯಲ್ಲಿ ಪರೀಕ್ಷಿಸುವ ವಿಧಾನವೊಂದನ್ನು ಡೇನಿಯಲ್ ಕಾನೆಮನ್ ಮತ್ತು ಅವರ ಸಹೋದ್ಯೋಗಿಗಳು ರೂಪಿಸಿದರು. ಕಾನೆಮನ್‌ರು ಮನಶ್ಶಾಸ್ತ್ರಜ್ಞರಾಗಿದ್ದು 2002ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಾರಿತೋಷಕವನ್ನು ಪಡೆದವರು. 2004ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ ಅಮೆರಿಕದ ಟೆಕ್ಸಾಸ್ ಪ್ರಾಂತದ 909 ಮಂದಿ ಉದ್ಯೋಗಸ್ಥ ಸ್ತ್ರೀಯರು ಹಿಂದಿನ ದಿನವನ್ನು ಪ್ರಸಂಗ ಪ್ರಸಂಗವಾಗಿ ಬರೆದರು: ಎಷ್ಟು ಗಂಟೆಗೆ, ಎಲ್ಲಿ, ಯಾರೊಡನೆ, ಏನು ಮಾಡುತ್ತಿದ್ದೆ, ಮನಸ್ಸು ಹೇಗಿತ್ತು ಎಂದು. ಸ್ನೇಹಿತರೊಡನೆ ಮಾತುಕತೆ, ಊಟ, ವಿಶ್ರಾಂತಿ ಮುಂತಾದುವು ಮೇಲಿನ ಸ್ಥಾನಗಳನ್ನು ಪಡೆದುವು. ಪಟ್ಟಿಯ ಕೊನೆಯಲ್ಲಿ ನಿಂತುದು ಬೆಳಗಿನ ಹೊತ್ತು ಕೆಲಸಕ್ಕೆ ಹೋಗುವ ಪ್ರಯಾಣ. ಲೋಕಲ್ ರೈಲನ್ನು ಎಂದೂ ಕಂಡಿರದ ಆ ಸ್ತ್ರೀಯರೇ ಹೀಗೆ ಹೇಳಿದ ಮೇಲೆ ಬೆಳಗಿನ 8 ಗಂಟೆಗೆ ಡೊಂಬಿವಲಿ ಸ್ಟೇಷನ್ನಿನಲ್ಲಿ ನಿಲ್ಲುವವರ ಮಾತೇನು!

ಈ ಅಧ್ಯಯನದಲ್ಲಿ ಇನ್ನೊಂದು ಸೂಕ್ಷ್ಮ ಸಂಗತಿಯಿದೆ. ಸಾಮಾನ್ಯವಾಗಿ ಯಾರನ್ನು ಕೇಳಿದರೂ ಮಕ್ಕಳೊಡನೆ ಕಳೆಯುವ ಕಾಲವೇ ಅತ್ಯಂತ ಸುಖಕರವೆಂದು ಹೇಳುವುದುಂಟು. ಆದರೆ ದಿನವನ್ನು ಬರೆದು ನೋಡಿದಾಗ ಮಕ್ಕಳ ಆರೈಕೆಯು ಪಟ್ಟಿಯಲ್ಲಿ ಕೆಳಗಿನ ಸ್ಥಾನಕ್ಕೆ ಇಳಿಯಿತು. ತಾಯಂದಿರಿಗೆ ಮಕ್ಕಳ ಮೇಲೆ ಪ್ರೀತಿಯಿಲ್ಲವೆಂದು ಇದರ ಅರ್ಥವಲ್ಲ. ದಣಿದ ಸಂಜೆಯಲ್ಲಿ ಅಡಿಗೆ, ಶಾಲೆಯ ಮನೆಗೆಲಸ, ಹಟ ಇವುಗಳ ನಡುವೆ ಆ ಪ್ರೀತಿಯನ್ನು ಅನುಭವಿಸಲು ಎಡೆಯೇ ಸಿಗುವುದಿಲ್ಲವೆಂದು ಅರ್ಥ. ಇದನ್ನು ಅರಿತ ತಾಯಿಯು ಮಗುವಿನೊಡನೆ ಕೆಲಸವಿಲ್ಲದ ಕಾಲು ಗಂಟೆಯನ್ನು ಬೇರೆಯಾಗಿ ತೆಗೆದಿಡಬಹುದು. ನಂಬಿಕೆಯು ನಮ್ಮನ್ನು ಇದ್ದಲ್ಲಿಯೇ ಇರಿಸುತ್ತದೆ. ದಾಖಲೆಯು ದಾರಿಯನ್ನು ತೋರಿಸುತ್ತದೆ.

ನಮ್ಮವರ ಮಾರ್ಗ

ಕನ್ನಡಿಗರಿಗೆ ಈ ಮಾರ್ಗ ಹೊಸದಲ್ಲ. ಮಿಲ್ನರ್ ಹುಟ್ಟಿದ 1900ರಲ್ಲಿಯೇ ಹುಟ್ಟಿದ ಎ. ಎನ್. ಮೂರ್ತಿರಾಯರು 1937ರಲ್ಲಿ ‘ಹಗಲುಗನಸುಗಳು’ ಎಂಬ ಪ್ರಬಂಧ ಸಂಕಲನವನ್ನು ಪ್ರಕಟಿಸಿದರು. ದೊಡ್ಡ ಘಟನೆಗಳನ್ನು ಬದಿಗಿರಿಸಿ, ನಿತ್ಯಜೀವನದ ಸಣ್ಣ ಸಂಗತಿಗಳ ಕಡೆಗೆ ನಗುಮುಖದಿಂದ ನೋಡುವ ಕಲೆಯನ್ನು ಅವರು ಕನ್ನಡಕ್ಕೆ ಕೊಟ್ಟರು. ನೂರು ವರ್ಷಗಳನ್ನು ದಾಟಿ 2003ರವರೆಗೆ ಅವರು ಬದುಕಿದ್ದರು. ಬರವಣಿಗೆಯಿಂದ ಆಯುಷ್ಯ ಹೆಚ್ಚುತ್ತದೆಂದು ಹೇಳಲು ಇದು ಪ್ರಮಾಣವಾಗದು. ಆದರೆ ಇದ್ದ ಆಯುಷ್ಯವನ್ನು ರುಚಿನೋಡಿ ಬಾಳುವುದು ಸಾಧ್ಯವೆಂಬುದಕ್ಕೆ ಅವರ ಪ್ರಬಂಧಗಳೇ ಸಾಕ್ಷಿ.

ಮುಂಬಯಿ ಕನ್ನಡಿಗರಿಗೆ ಇನ್ನೂ ಹತ್ತಿರದ ಉದಾಹರಣೆ ಯಶವಂತ ಚಿತ್ತಾಲರದು. ಉತ್ತರ ಕನ್ನಡದ ಹನೇಹಳ್ಳಿಯಲ್ಲಿ 1928ರಲ್ಲಿ ಹುಟ್ಟಿ, ಪ್ಲಾಸ್ಟಿಕ್ ತಂತ್ರಜ್ಞಾನದಲ್ಲಿ ಪರಿಣತಿ ಪಡೆದು, ಮುಂಬಯಿಯಲ್ಲಿ ಹುದ್ದೆಯ ಹೊಣೆಯನ್ನು ಹೊತ್ತಿದ್ದ ಅವರು 1979ರಲ್ಲಿ ‘ಶಿಕಾರಿ’ ಕಾದಂಬರಿಯನ್ನು ಕೊಟ್ಟರು. ‘ಕಥೆಯಾದಳು ಹುಡುಗಿ’ ಕಥಾಸಂಕಲನಕ್ಕೆ 1983ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ಬಿಟ್ಟುಬಂದ ಹನೇಹಳ್ಳಿಯೂ ಬದುಕುತ್ತಿದ್ದ ಮುಂಬಯಿಯೂ ಅವರ ಬರಹದಲ್ಲಿ ಒಂದನ್ನೊಂದು ಬೆಳಗಿಸಿದುವು. ಮೊದಲೇ ತಿಳಿದುದನ್ನು ಹೇಳುವುದಕ್ಕಿಂತ, ತಿಳಿಯದುದನ್ನು ಕಂಡುಕೊಳ್ಳುವ ಸಾಧನವಾಗಿಯೇ ಅವರು ಬರವಣಿಗೆಯನ್ನು ಕಂಡರು. ನಾವೆಲ್ಲರೂ ಚಿತ್ತಾಲರಾಗಲಾರೆವು, ಆಗಬೇಕಾಗಿಯೂ ಇಲ್ಲ. ಆದರೆ ಕೆಲಸದ ಮೇಜಿನ ಆಚೆಗೆ ಬರೆಯುವ ಮೇಜೊಂದು ಇರಬಹುದೆಂಬ ಪಾಠವು ಗುಮಾಸ್ತನಿಗೂ ಗೃಹಿಣಿಗೂ ಸಮಾನವಾಗಿ ಅನ್ವಯಿಸುತ್ತದೆ.

ಒಂದು ಮನೆಯ ಅನುಭವ

ತಂದೆಯವರು ತೀರಿಕೊಂಡ ಮೇಲೆ ನನ್ನ ತಾಯಿಯವರು ಊರನ್ನು ಬಿಟ್ಟು ಡೊಂಬಿವಲಿಯ ನಮ್ಮ ಮನೆಗೆ ಬಂದರು. ಮೂರನೆಯ ಅಂತಸ್ತಿನಿಂದ ಕೆಳಗಿಳಿದರೆ ಕಿವಿಗೆ ಬೀಳುವುದು ಮರಾಠಿ, ಹಿಂದಿ, ಗುಜರಾತಿ. ಕೆಲವೇ ತಿಂಗಳುಗಳಲ್ಲಿ ಅವರ ಮಾತು ಕಡಿಮೆಯಾಯಿತು, ಊಟವೂ ಕಡಿಮೆಯಾಯಿತು. ವೈದ್ಯರು ಪರೀಕ್ಷಿಸಿ ದೇಹದಲ್ಲಿ ದೋಷವಿಲ್ಲವೆಂದರು. ಆಗ ಮನೆಯಲ್ಲಿ ಒಂದು ಏರ್ಪಾಡು ಮಾಡಿದೆವು. ದಿನವೂ ರಾತ್ರಿ ಊಟವಾದ ಮೇಲೆ ಆ ದಿನ ಹಿತವೆನಿಸಿದ ಒಂದೆರಡು ಸಂಗತಿಗಳನ್ನು ಅಜ್ಜಿ ಹೇಳುವುದು, ಹನ್ನೆರಡು ವರ್ಷದ ಮೊಮ್ಮಗಳು ಬರೆದುಕೊಳ್ಳುವುದು.

ಮಗಳಿಗೆ ಕನ್ನಡ ಮಾತು ಬರುತ್ತಿತ್ತು, ಅಕ್ಷರ ಬರುತ್ತಿರಲಿಲ್ಲ. ಮೊದಲು ಅವಳು ದೇವನಾಗರಿಯಲ್ಲಿ ಬರೆದಳು. ನಾಲ್ಕನೆಯ ಇಯತ್ತೆಯವರೆಗೆ ಓದಿದ್ದ ಅಜ್ಜಿಗೆ ಅದನ್ನು ಓದಲು ಬಾರದು. ತಾನು ಹೇಳಿದ್ದನ್ನೇ ಬರೆದಿದ್ದಾಳೆಂದು ನಂಬುವುದು ಹೇಗೆ? ಆದುದರಿಂದ ಅವರೇ ಮೊಮ್ಮಗಳಿಗೆ ಅ ಆ ಇ ಈ ಕಲಿಸತೊಡಗಿದರು. ಮಳೆಗಾಲ ಮುಗಿಯುವ ಹೊತ್ತಿಗೆ ಪುಸ್ತಕವು ಕನ್ನಡ ಅಕ್ಷರಗಳಿಗೆ ತಿರುಗಿತು. ಒತ್ತಕ್ಷರಗಳು ಅಲ್ಲಲ್ಲಿ ಜಾರಿದ್ದರೂ ಓದಲು ತೊಡಕಿರಲಿಲ್ಲ.

ಅದರಲ್ಲಿ ಏನಿತ್ತೆಂಬುದು ಮುಖ್ಯ. ತಾಯಿಯವರನ್ನು ನಾವು ಟಿಟವಾಳಾದ ಗಣಪತಿಯ ದರ್ಶನಕ್ಕೆ ಕರೆದುಕೊಂಡುಹೋಗಿದ್ದೆವು. ಆ ದಿನದ ಪುಟದಲ್ಲಿ ದೇವಸ್ಥಾನದ ವಿಷಯ ಒಂದೇ ಸಾಲು. ಶಹಾಡದ ಬಳಿ ರೈಲಿನಿಂದ ಉಲ್ಹಾಸ ನದಿಯನ್ನು ಕಂಡು ಊರ ಹೊಳೆ ನೆನಪಾದುದು ನಾಲ್ಕು ಸಾಲು. ದೊಡ್ಡ ಟೆಲಿವಿಷನ್ನಿನ ಹೆಸರು ಎಲ್ಲಿಯೂ ಇರಲಿಲ್ಲ. ಬೆಳಗಿನ ಹತ್ತು ಗಂಟೆಗೆ ಅಡಿಗೆಮನೆಯ ಕಿಟಕಿಯಲ್ಲಿ ಬೀಳುವ ಬಿಸಿಲು, ಕೊತ್ತಂಬರಿ ಸೊಪ್ಪನ್ನು ಬಿಡಿಸುವಾಗ ಬರುವ ವಾಸನೆ, ತಂಗಿಯ ಫೋನು, ಇವು ಮತ್ತೆ ಮತ್ತೆ ಬಂದಿದ್ದುವು. ಇದನ್ನು ನೋಡಿದ ಮೇಲೆ ಅವರ ಕುರ್ಚಿಯನ್ನು ಟೆಲಿವಿಷನ್ನಿನ ಎದುರಿನಿಂದ ಅಡಿಗೆಮನೆಯ ಕಿಟಕಿಯ ಬಳಿಗೆ ಸರಿಸಿದೆವು. ಸೊಪ್ಪು ಬಿಡಿಸುವ ಕೆಲಸವನ್ನು ಅವರಿಗೇ ಒಪ್ಪಿಸಿದೆವು. ಚಿಕ್ಕಮ್ಮನಿಗೆ ದಿನವೂ ನಾಲ್ಕು ಗಂಟೆಗೆ ಫೋನು ಮಾಡಲು ಹೇಳಿದೆವು. ಖರ್ಚು ಏನೂ ಆಗಲಿಲ್ಲ. ಅವರ ಊಟ ನಿಧಾನವಾಗಿ ಸುಧಾರಿಸಿತು. ಪುಸ್ತಕದಿಂದಲೇ ಸುಧಾರಿಸಿತೆಂದು ನಾನು ಸಾಧಿಸಲಾರೆ. ಆದರೆ ಅವರಿಗೆ ಬೇಕಾದುದೇನೆಂಬುದು ನಮಗೆ ತಿಳಿದುದು ಆ ಪುಸ್ತಕದಿಂದಲೇ. ಎರಡು ವರ್ಷಗಳ ಬಳಿಕ ಅವರು ತೀರಿಕೊಂಡರು. ಮಗಳು ಈಗ ಕನ್ನಡ ಓದುತ್ತಾಳೆ.

ಆರೋಗ್ಯಕ್ಕೆ ಇದರ ಸಂಬಂಧ

ಬರವಣಿಗೆಗೂ ಆರೋಗ್ಯಕ್ಕೂ ಇರುವ ಸಂಬಂಧವನ್ನು ಶಾಸ್ತ್ರೀಯವಾಗಿ ಶೋಧಿಸಿದವರಲ್ಲಿ ಅಮೆರಿಕದ ಜೇಮ್ಸ್ ಪೆನ್ನೆಬೇಕರ್ ಪ್ರಸಿದ್ಧರು. 1986ರಲ್ಲಿ ಅವರೂ ಸ್ಯಾಂಡ್ರಾ ಬೀಲ್ ಎಂಬವರೂ ಪ್ರಕಟಿಸಿದ ಅಧ್ಯಯನದಲ್ಲಿ 46 ಕಾಲೇಜು ವಿದ್ಯಾರ್ಥಿಗಳು ನಾಲ್ಕು ದಿನ, ದಿನಕ್ಕೆ 15 ನಿಮಿಷದಂತೆ ಬರೆದರು. ಕೆಲವರು ಕ್ಷುಲ್ಲಕ ವಿಷಯಗಳನ್ನೂ ಉಳಿದವರು ಮನಸ್ಸನ್ನು ಘಾಸಿಗೊಳಿಸಿದ ಅನುಭವಗಳನ್ನೂ ಬರೆದರು. ನಡೆದ ಸಂಗತಿ ಮತ್ತು ಅದರಿಂದಾದ ಭಾವನೆ ಎರಡನ್ನೂ ಬರೆದವರಿಗೆ ಆ ಹೊತ್ತಿನಲ್ಲಿ ರಕ್ತದೊತ್ತಡ ಏರಿತು, ಮನಸ್ಸು ಕುಗ್ಗಿತು. ಆದರೆ ಮುಂದಿನ ಆರು ತಿಂಗಳುಗಳಲ್ಲಿ ಅವರು ಆರೋಗ್ಯ ಕೇಂದ್ರಕ್ಕೆ ಹೋದ ಸಲಗಳು ಉಳಿದವರಿಗಿಂತ ಕಡಿಮೆಯಾಗಿದ್ದುವು. ಬಳಿಕ ಇಂಥ ಅಧ್ಯಯನಗಳು ಅನೇಕ ನಡೆದುವು. 2006ರಲ್ಲಿ 146 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಪ್ರಯೋಜನವಿದೆ, ಆದರೆ ಅದು ಸಣ್ಣದು ಎಂಬ ಫಲಿತಾಂಶ ದೊರೆಯಿತು. 2003ರಲ್ಲಿ ರಾಬರ್ಟ್ ಎಮನ್ಸ್ ಮತ್ತು ಮೈಕಲ್ ಮೆಕಲೊ ಎಂಬವರು ಇನ್ನೊಂದು ಬಗೆಯ ಪರೀಕ್ಷೆಯನ್ನು ಪ್ರಕಟಿಸಿದರು. ವಾರಕ್ಕೊಮ್ಮೆಯಂತೆ ಹತ್ತು ವಾರ, ಕೃತಜ್ಞತೆ ಹುಟ್ಟಿಸಿದ ಐದರಷ್ಟು ಸಂಗತಿಗಳನ್ನು ಬರೆದವರು, ಕಿರಿಕಿರಿಗಳನ್ನು ಬರೆದವರಿಗಿಂತ ತಮ್ಮ ಜೀವನದ ವಿಷಯದಲ್ಲಿ ಹೆಚ್ಚು ತೃಪ್ತರಾಗಿದ್ದರು. ವ್ಯಾಯಾಮವನ್ನೂ ಹೆಚ್ಚಾಗಿ ಮಾಡಿದರು.

ಇದರಿಂದ ತಿಳಿಯುವುದೇನು? ಬರವಣಿಗೆಯು ರಾಮಬಾಣವಲ್ಲ. ಆದರೆ ಒಂದು ಪೆನ್ನು, ಒಂದು ಪುಸ್ತಕ, ಹತ್ತು ನಿಮಿಷಗಳ ಬೆಲೆಗೆ ದೊರೆಯುವ ಸಣ್ಣ ಲಾಭವನ್ನು ಯಾವ ವ್ಯಾಪಾರಿಯೂ ಬೇಡವೆನ್ನಲಾರನು.

ಅಭ್ಯಾಸದ ಕ್ರಮ

ಆರಂಭಿಸಬಯಸುವ ವಾಚಕರಿಗೆ ಈ ಕೆಳಗಿನ ಸೂಚನೆಗಳು ಪ್ರಯೋಜನವಾಗಬಹುದು.

1. ಜೇಬಿನಲ್ಲಿ ಹಿಡಿಸುವ ಸಣ್ಣ ಪುಸ್ತಕವನ್ನು ಇಟ್ಟುಕೊಳ್ಳಿರಿ. ದಿನಕ್ಕೆ ಹತ್ತು ನಿಮಿಷ ಸಾಕು. ಕುಳಿತುಕೊಳ್ಳಲು ಸ್ಥಳ ಸಿಕ್ಕ ದಿನ ರೈಲಿನಲ್ಲಿ, ಸಿಗದ ದಿನ ಮನೆಯಲ್ಲಿ. ಒಂದು ದಿನ ತಪ್ಪಿದರೆ ಮರುದಿನ ಎರಡು ದಿನಗಳದನ್ನು ತುಂಬಲು ಹೋಗಬೇಡಿರಿ. ಹಳೆಯ ತಾರೀಖಿನ ನಮೂದು ಲೆಕ್ಕದಲ್ಲಿಯೂ ಸಲ್ಲದು.

2. ಅಭಿಪ್ರಾಯವನ್ನು ಬಿಟ್ಟು ಸಂಗತಿಯನ್ನು ಬರೆಯಿರಿ. ‘ಪ್ರಕೃತಿ ಸುಂದರವಾಗಿದೆ’ ಎಂದು ಬರೆದರೆ ಆರು ತಿಂಗಳ ಬಳಿಕ ಅದರಿಂದ ಏನೂ ತಿಳಿಯದು. ‘ಮುಂಬ್ರಾ ಬೆಟ್ಟದ ಮೇಲೆ ಮೊದಲ ಮಳೆಯ ಮರುದಿನ ಹಸಿರು ಕಂಡಿತು, ಹತ್ತಿರ ನಿಂತವರು ಮಾತು ನಿಲ್ಲಿಸಿ ನೋಡಿದರು’ ಎಂದು ಬರೆದರೆ ಆ ಬೆಳಗು ನಿಮ್ಮ ಕೈಯಲ್ಲಿ ಉಳಿಯುತ್ತದೆ.

3. ಎರಡೂ ಬದಿಗಳನ್ನು ಬರೆಯಿರಿ. ಜಮೆಯಿದ್ದ ಹಾಗೆ ಖರ್ಚೂ ಇರಲಿ. ಮನಸ್ಸು ಕೆಟ್ಟ ಗಳಿಗೆಯನ್ನು ಮುಚ್ಚಿಟ್ಟು ಕೇವಲ ಸಂತೋಷವನ್ನು ಬರೆದರೆ ಅದು ಸುಳ್ಳು ಲೆಕ್ಕವಾಗುತ್ತದೆ.

4. ಆದಿತ್ಯವಾರ ಇಡೀ ವಾರದ ಪುಟಗಳನ್ನು ಓದಿ ಖಾತೆಗೆ ಏರಿಸಿರಿ. ಯಾವ ಸ್ಥಳ, ಯಾವ ಹೊತ್ತು, ಯಾವ ವ್ಯಕ್ತಿ, ಯಾವ ಕೆಲಸ ಮತ್ತೆ ಮತ್ತೆ ಬರುತ್ತದೆಂಬುದನ್ನು ಗುರುತಿಸಿರಿ. ನನ್ನ ಪುಸ್ತಕದಲ್ಲಿ ಆದಿತ್ಯವಾರದ ಮಧ್ಯಾಹ್ನಗಳು ಬಹುತೇಕ ಬರಿದಾಗಿದ್ದುವು; ಸಂಜೆ ಸ್ಟೇಷನ್ನಿನಿಂದ ಮನೆಗೆ ರಿಕ್ಷಾ ಹಿಡಿಯದೆ ನಡೆದುಬಂದ ದಿನಗಳು ತುಂಬಿದ್ದುವು. ಅಂದಿನಿಂದ ನಡೆಯುವುದು ನನಗೆ ರೂಢಿಯಾಯಿತು.

5. ವಿಶಾಲವಾದ ಗಮನವನ್ನು ದಿನಕ್ಕೆ ಐದು ನಿಮಿಷವಾದರೂ ಅಭ್ಯಾಸ ಮಾಡಿರಿ. ನಮ್ಮ ಪ್ರದೇಶದಲ್ಲಿ ಇದಕ್ಕೆ ಎಡೆಗಳು ಬೇಕಾದಷ್ಟಿವೆ. ಠಾಣೆಯವರಿಗೆ ಮಾಸುಂದಾ ಕೆರೆಯ ದಂಡೆ, ಯೇವೂರಿನ ಕಾಡು. ಕಲ್ಯಾಣದವರಿಗೆ ದುರ್ಗಾಡಿ ಕೋಟೆಯ ಕೆಳಗಿನ ಖಾರಿ. ನವಿ ಮುಂಬಯಿಯವರು 1992ರಲ್ಲಿ ತೆರೆದ ರೈಲು ಸೇತುವೆಯ ಮೇಲೆ ಮಾನಖುರ್ದ ಮತ್ತು ವಾಶಿಗಳ ನಡುವೆ ದಿನವೂ ಠಾಣೆ ಖಾರಿಯನ್ನು ದಾಟುತ್ತಾರೆ. 2015ರಲ್ಲಿ ಈ ಖಾರಿಯ ಒಂದು ಭಾಗವನ್ನು ಫ್ಲೆಮಿಂಗೊ ಪಕ್ಷಿಧಾಮವೆಂದು ಸಾರಲಾಯಿತು. 2022ರಲ್ಲಿ ಅದು ರಾಮ್‌ಸಾರ್ ಪಟ್ಟಿಗೆ ಸೇರಿತು. ಚಳಿಗಾಲದಿಂದ ಮೇ ತಿಂಗಳವರೆಗೆ ಸಾವಿರಾರು ಗುಲಾಬಿ ಹಕ್ಕಿಗಳು ಅಲ್ಲಿ ಕೆಸರಿನಲ್ಲಿ ಕೊಕ್ಕು ಮುಳುಗಿಸಿ ನಿಲ್ಲುತ್ತವೆ. ಅವುಗಳನ್ನು ನೋಡಲು ಪರದೇಶದವರು ಬರುತ್ತಾರೆ. ನಾವು ತಲೆ ತಗ್ಗಿಸಿ ಮೊಬೈಲನ್ನು ನೋಡುತ್ತ ದಾಟಿಹೋಗುತ್ತೇವೆ.

6. ಸಾಧ್ಯವಾದರೆ ಕನ್ನಡದಲ್ಲಿ ಬರೆಯಿರಿ. ಕಚೇರಿಯ ಭಾಷೆ ಕೆಲಸಕ್ಕೆ ಸರಿ. ಆದರೆ ಮನೆಯಲ್ಲಿ ಮೊದಲು ಕೇಳಿದ ಭಾಷೆಯಲ್ಲಿ ಸುಖದುಃಖಗಳ ಹೆಸರುಗಳು ಹೆಚ್ಚು ಸೂಕ್ಷ್ಮವಾಗಿವೆ. ಬೇಸರ, ಬೇಗುದಿ, ಕಸಿವಿಸಿ, ತಳಮಳ ಇವು ನಾಲ್ಕೂ ಬೇರೆ ಬೇರೆ. ಯಾವುದೆಂದು ಆರಿಸುವಾಗಲೇ ಅರ್ಧ ಭಾರ ಇಳಿಯುತ್ತದೆ.

ಒಂದು ಎಚ್ಚರಿಕೆ

ಈ ಅಭ್ಯಾಸವು ಚಿಕಿತ್ಸೆಗೆ ಬದಲಿಯಲ್ಲ. ತೀರ ಹಸಿಯಾದ ದುಃಖವನ್ನು ಬಲವಂತವಾಗಿ ಬರೆಯಕೂಡದು. ಬರೆಯುತ್ತ ಹೋದಂತೆ ಮನಸ್ಸು ಇನ್ನೂ ಕುಸಿಯುವುದಾದರೆ ನಿಲ್ಲಿಸಬೇಕು. ಎರಡು ವಾರಗಳವರೆಗೆ ದಿನದ ಬಹುಭಾಗ ಮನಸ್ಸು ಕುಗ್ಗಿರುವುದು, ಹಿಂದೆ ಪ್ರಿಯವಾಗಿದ್ದ ಯಾವುದೂ ರುಚಿಸದಿರುವುದು, ನಿದ್ರೆ ಅಥವಾ ಹಸಿವು ಕೆಡುವುದು ಇವು ಖಿನ್ನತೆಯ ಲಕ್ಷಣಗಳಾಗಿರಬಹುದು. ಆಗ ವೈದ್ಯರನ್ನು ಕಾಣಬೇಕು. ಬದುಕು ಬೇಡವೆಂಬ ಯೋಚನೆ ಬಂದರಂತೂ ಎರಡು ವಾರ ಕಾಯದೆ ಆ ದಿನವೇ ಸಹಾಯ ಕೇಳಬೇಕು. ಭಾರತ ಸರಕಾರವು 2022ರ ಅಕ್ಟೋಬರಿನಲ್ಲಿ ಆರಂಭಿಸಿದ ಟೆಲಿ ಮಾನಸ್ ಸೇವೆಯ 14416 ಎಂಬ ಸಂಖ್ಯೆಗೆ ಹಗಲು ರಾತ್ರಿ ಯಾವಾಗಲೂ ಉಚಿತವಾಗಿ ಫೋನು ಮಾಡಬಹುದು; ಕನ್ನಡದಲ್ಲಿಯೂ ಮಾತನಾಡಬಹುದು. ಪುಸ್ತಕ ಬರೆಯುತ್ತಿರುವವರಿಗೆ ಇಲ್ಲಿಯೂ ಒಂದು ಅನುಕೂಲವುಂಟು. ಮನಸ್ಸು ಯಾವಾಗಿನಿಂದ ಕುಗ್ಗಿದೆಯೆಂದು ವೈದ್ಯರು ಕೇಳಿದಾಗ ಅವರು ತಾರೀಖನ್ನು ಹೇಳಬಲ್ಲರು.

ಬ್ಯಾಂಕಿನ ಲೆಕ್ಕ ಈಗ ಯಂತ್ರದೊಳಗೆ ಹೋಗಿದೆ; ದಿನದ ಬಾಕಿಯನ್ನು ಅದು ತಾನೇ ತೆಗೆಯುತ್ತದೆ. ಆದರೆ ನಮ್ಮ ದಿನಗಳ ಬಾಕಿಯನ್ನು ತೆಗೆಯಬಲ್ಲ ಯಂತ್ರವಿಲ್ಲ. ಅದನ್ನು ನಾವೇ, ನಮ್ಮ ಕೈಯಿಂದಲೇ ಬರೆಯಬೇಕು. ಈ ಸಂಚಿಕೆಯನ್ನು ಓದಿ ಮುಗಿಸಿದ ವಾಚಕರು ಇಂದಿನ ತಾರೀಖನ್ನು ಹಾಕಿ ಒಂದು ಸಾಲನ್ನು ಬರೆದರೆ ಈ ಲೇಖನದ ಉದ್ದೇಶ ಸಫಲವಾದಂತೆ. ಹೊಸ ವರ್ಷದ ಕಿರ್ದಿಯಲ್ಲಿ ಸರ್ವರಿಗೂ ಜಮೆಯ ಬದಿಯೇ ಹೆಚ್ಚಲಿ ಎಂದು ಹಾರೈಸುತ್ತೇನೆ.